ಕೆಂಪ್ಯಾನ ಲೈಸೆನ್ಸು

ಇಂದಿರಾಬಾಯಿ ಇನಾಮದಾರರ ಕೆಂಪು ಸ್ಪೋರ್ಟ್ಸ್ ಕಾರು ಜರ್ಮನಿಯ ಲೈಸೆನ್ಸು ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾಗಿ ಬಂದಿದ್ದರೂ ಧಾರವಾಡದಲ್ಲಿ ಎರಡು ಸಲ ನಪಾಸಾಗಿತ್ತು. ಕಾರುಗಳು ತಾವಾಗಿ ಓಡತೊಡಗಿದಂದಿನಿಂದ ಲೈಸೆನ್ಸು ಅವುಗಳ ಹೆಸರಿಗೇ ಸಿಗುತ್ತಿತ್ತು. ದೇಶ ಬದಲಾದರೆ ಪರೀಕ್ಷೆಯೂ ಹೊಸದು. ಎರಡು ಸಲವೂ ಅದು ಎಮ್ಮೆಗಳ ನಡುವೆ ಸಂದು ಕಂಡಲ್ಲಿ ನುಗ್ಗಿತ್ತು. ಇನ್ನೊಮ್ಮೆ ಸೋತರೆ ಅದು ಹಡಗು ಹತ್ತಿ ಜರ್ಮನಿಗೆ ಮರಳಬೇಕು.

ಬಾಯಿಯವರು ಕೈಕಟ್ಟಿ ಕೂರಲಿಲ್ಲ. ನೆಲ ಸವರುತ್ತಿದ್ದ ಅದರ ಹೊಟ್ಟೆಯನ್ನು ರಸ್ತೆಯ ಉಬ್ಬುಗಳಿಗೆ ತಾಗದಂತೆ ಗೇಣೆತ್ತರಕ್ಕೆ ಏರಿಸಿದರು. ವೇಗಕ್ಕೆಂದು ಬೆನ್ನ ಮೇಲಿದ್ದ ರೆಕ್ಕೆ ಬಿಚ್ಚಿಸಿದರು. ದಿನವೂ ಸಂತೆಗೆ ಕರೆದೊಯ್ದು, "ಮುಂದ ಏನರ ಕಂಡ್ರ ನಿಂದ್ರಬೇಕಪಾ, ಕೆಂಪ್ಯಾ" ಎಂದು ತಿದ್ದಿದರು.

ಪರೀಕ್ಷೆಯ ಬೆಳಿಗ್ಗೆ ಅದಕ್ಕೆ ಕುಂಕುಮ ಹಚ್ಚಿ, ಗಾಲಿಗಳ ಮುಂದೆ ನಿಂಬೆಹಣ್ಣುಗಳನ್ನಿಟ್ಟರು. ಮನೆಬಾಗಿಲಿಗೆ ಬಂದಿದ್ದ ಪರೀಕ್ಷಕ ಮಡಿವಾಳಪ್ಪನವರು ಸೀಟಿ ಊದಿದರು. ಕಾರು ಕದಲಲಿಲ್ಲ.

"ಯಾಕೋ, ನಡಿ" ಎಂದರು ಬಾಯಿಯವರು.

"ಮುಂದ ನಿಂಬಿಹಣ್ಣ ಅದಾವ್ರಿ, ಅವ್ವಾರ" ಎಂದಿತು ಕಾರು, ಸಂತೆಯಲ್ಲಿ ಕಲಿತ ಧಾಟಿಯಲ್ಲಿ.

"ಅವನ್ನ ತುಳೀಲಿಕ್ಕಂತನ ಇಟ್ಟೇನೋ."

"ತಿನ್ನೂದನ್ನ ಹೆಂಗ ತುಳೀಲ್ರಿ?"

ಬಾಯಿಯವರ ಮುಖ ಬಾಡಿತು. ಮಡಿವಾಳಪ್ಪನವರು ಬಗ್ಗಿ ಗಾಲಿಗಳನ್ನು ನೋಡಿ, ಸೀಟಿಯನ್ನು ಕಿಸೆಗೆ ಸೇರಿಸಿದರು.

"ನಿಂಬಿಹಣ್ಣಿಗೆ ನಿಂತದ್ದು ಎಮ್ಮಿಗೆ ನಿಂದ್ರೂದಿಲ್ಲೇನ್ರಿ, ಬಾಯಾರ? ಪಾಸು."

ಬಾಯಿಯವರು ನಗುತ್ತ ಹಣ್ಣುಗಳನ್ನು ಆಯ್ದುಕೊಂಡರು. "ಈಗರ ನಡಿಯಪಾ, ಒಂದು ಸುತ್ತು ಹಾಕಿ ಬರೋಣ."

ಆಗಲೂ ಕಾರು ಕದಲಲಿಲ್ಲ.

"ಇರುವಿ ಸಾಲು ಹೊಂಟೈತ್ರಿ, ಅವ್ವಾರ."

ಮಡಿವಾಳಪ್ಪನವರು ಕಟ್ಟೆಯ ಮೇಲೆ ಆರಾಮವಾಗಿ ಕುಳಿತರು. "ಆ ಹಣ್ಣಿಂದ ಸರಬತ್ತು ಮಾಡ್ರಿ, ಬಾಯಾರ. ಇರುವಿ ದಾಟೂತನಕ ಟೈಮ್ ಐತಿ."