ಫೋನಿನ ಬೀಗ

"ಫೋನಿನ ಬೀಗದ ಕೈ ಅಂಗಡೀಲಿದೆ ಕಣೇ," ಎಂದು ಗಡಿಯಾರ ರಿಪೇರಿಯವನು ನೆಲಕ್ಕೆ ಬಿದ್ದಲ್ಲಿಂದಲೇ ಹಲ್ಲು ಕಚ್ಚಿಕೊಂಡು ಹೆಂಡತಿಗೆ ಹೇಳಿದ. ಗೋಡೆ ಗಡಿಯಾರಕ್ಕೆ ಕೀ ಕೊಡಲು ಹತ್ತಿದ್ದ ಸ್ಟೂಲು ಜಾರಿತ್ತು; ಬಲಗಾಲು ಅಲುಗಾಡಿಸಲೂ ಆಗುತ್ತಿರಲಿಲ್ಲ. ಡಾಕ್ಟರನ್ನು ಕರೆಯೋಣವೆಂದರೆ, ಫೋನಿನ ನಂಬರು ತಿರುಗಿಸುವ ಚಕ್ರಕ್ಕೆ ಹಿತ್ತಾಳೆಯ ಪುಟ್ಟ ಬೀಗ. ಬಿಲ್ಲು ಇಳಿಯಲೆಂದು ಮೂರು ವರ್ಷದ ಹಿಂದೆ ಅದನ್ನು ಜಡಿದವನೂ ಅವನೇ. ಬೀಗ ಹಾಕಿದರೂ ಬಿಲ್ಲು ಇಳಿಯಲಿಲ್ಲವೆಂದು ಟೆಲಿಫೋನ್ ಆಫೀಸಿಗೆ ನಾಲ್ಕು ಸಲ ಹೋಗಿ ಕೂಗಾಡಿ ಬಂದವನೂ ಅವನೇ.

ಹೆಂಡತಿ ಕೈ ಒರೆಸಿಕೊಂಡು ಫೋನಿನ ಮುಂದೆ ಕೂತಳು. ರಿಸೀವರ್ ಕಿವಿಗಿಟ್ಟುಕೊಂಡು, ಅದನ್ನು ಇಡುವ ಜಾಗದ ಗುಂಡಿಯನ್ನು ತೋರುಬೆರಳಿನಿಂದ ಬಡಿಯತೊಡಗಿದಳು. ನಂಬರಿನ ನಾಲ್ಕಕ್ಕೆ ನಾಲ್ಕು ಸಲ, ಏಳಕ್ಕೆ ಏಳು ಸಲ, ಟಕಟಕನೆ; ಚಕ್ರ ತಿರುಗಿಸದೆಯೇ ನಂಬರು ಹೋಗುತ್ತಿತ್ತು. ಬೀಗ ತನ್ನ ಪಾಡಿಗೆ ತಾನು ನೇತಾಡುತ್ತಿತ್ತು. ಡಾಕ್ಟರು ಸಿಕ್ಕಿಯೇಬಿಟ್ಟರು. ಕಾಲಿನ ಸಂಗತಿ, ಮನೆಯ ಗುರುತು ಎಲ್ಲವನ್ನೂ ಎರಡೇ ಮಾತಿನಲ್ಲಿ ಹೇಳಿ ಮುಗಿಸಿದಳು.

ಅವನಿಗೆ ನೋವೇ ಮರೆತುಹೋಯಿತು. ಇಪ್ಪತ್ತು ವರ್ಷ ಗಡಿಯಾರಗಳ ಬಡಿತ ಕೇಳಿದ ಕಿವಿ ಅದು. ಇಷ್ಟು ಹದವಾದ ಬಡಿತ ಒಂದೇ ದಿನಕ್ಕೆ ಕೈಗೆ ಬರುವಂಥದ್ದಲ್ಲ ಎಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.

"ಏನಂದ್ರು ಡಾಕ್ಟರು?" ಎಂದಷ್ಟೇ ಕೇಳಿದ.

"ಈಗ ಬರ್ತಾರಂತೆ. ಮೂಳೆ ಮುರಿದಿದ್ರೆ ಆರು ವಾರ ಮನೇಲೇ ಅಂದ್ರು."

ಹೇಳುತ್ತಲೇ ಅವಳು ಇನ್ನೊಂದು ನಂಬರು ಬಡಿದಳು. ಈ ಸಲ ಫೋನಿನ ಕಡೆ ನೋಡಲೂ ಇಲ್ಲ.

"ಅಕ್ಕಾ, ನಾಳೆಯಿಂದ ಹನ್ನೊಂದು ಗಂಟೆಗೆ ನನ್ನ ಫೋನ್ ಕಾಯ್ಬೇಡ. ಇವರು ಮನೇಲೇ ಇರ್ತಾರೆ."