ಯಾರ ಹೊಟ್ಟೆಯ ಕಲ್ಲು?

ಡಾಕ್ಟರ್ ಮಾಧವಿ ರೆಕಾರ್ಡ್ ಮಾಡಿ ಕಳಿಸಿದ ಮಾತುಗಳನ್ನು ಕೇಳಿಕೊಂಡು ವರದಿ ಟೈಪ್ ಮಾಡುತ್ತಿದ್ದ ಗುಣವತಿಯ ಬೆರಳುಗಳು ತಟ್ಟನೆ ನಿಂತವು. ಪಿತ್ತಕೋಶದಲ್ಲಿ ಮೂರು ಕಲ್ಲುಗಳಿವೆ, ದೊಡ್ಡದು ಹನ್ನೊಂದು ಮಿಲಿಮೀಟರ್ ಎಂದಿದ್ದಳು ಮಾಧವಿ. ಆದರೆ ಅದೇ ವರದಿಯ ಮೇಲಿನ ಸಾಲನ್ನು ರೋಗಿ ತಂದ ಚೀಟಿ ನೋಡಿ ಗುಣವತಿಯೇ ಈಗಷ್ಟೇ ಟೈಪ್ ಮಾಡಿದ್ದಳು: ‘ಶಂಕರನಾರಾಯಣ, ಅರವತ್ತೆಂಟು ವರ್ಷ. ಬಲಪಕ್ಕೆಯಲ್ಲಿ ನೋವು. ಎರಡು ವರ್ಷದ ಹಿಂದೆ ಪಿತ್ತಕೋಶ ತೆಗೆಯಲಾಗಿದೆ.’

ಅವಳು ರೆಕಾರ್ಡಿಂಗನ್ನು ಹಿಂದಕ್ಕೆ ಸರಿಸಿ ಮತ್ತೊಮ್ಮೆ ಕೇಳಿದಳು. ಮೂರು ಕಲ್ಲು ಎಂದೇ ಇತ್ತು. ಚೆನ್ನೈನ ಮೈಲಾಪೂರಿನ ಆ ಸ್ಕ್ಯಾನ್ ಸೆಂಟರಿನಲ್ಲಿ ಹನ್ನೆರಡು ವರ್ಷದಿಂದ ವರದಿ ಟೈಪ್ ಮಾಡುತ್ತಿದ್ದವಳಿಗೆ ಡಾಕ್ಟರರಷ್ಟು ತಿಳಿಯದಿದ್ದರೂ, ಇಲ್ಲದ ಕೋಶದಲ್ಲಿ ಕಲ್ಲು ಇರಲಾರದು ಎಂಬಷ್ಟು ತಿಳಿದಿತ್ತು. ಹಾಗೆಂದು ಗಟ್ಟಿಯಾಗಿ ಹೇಳಲೂ ಧೈರ್ಯವಿಲ್ಲ. ಹಾಲುಹಲ್ಲು ಬಿದ್ದ ಮೇಲೆ ಇನ್ನೊಂದು ಬರುವುದಿಲ್ಲವೇ? ಕುತೂಹಲ ತಡೆಯಲಾರದೆ ಎದ್ದು ಹೊರಗೆ ರೋಗಿಗಳು ಕಾಯುವ ಜಾಗಕ್ಕೆ ಹೋದಳು. ಶಂಕರನಾರಾಯಣರು ಒಂದು ಕೈಯಿಂದ ಪಕ್ಕೆ ಒತ್ತಿಕೊಂಡು, ಫೋನಿನಲ್ಲಿ ಯಾರೊಂದಿಗೋ ಕನ್ನಡದಲ್ಲಿ ಮಾತಾಡುತ್ತಿದ್ದರು. ಇವಳೂ ಕನ್ನಡದಲ್ಲೇ ಕೇಳಿದಳು.

“ಸರ್, ನಿಮ್ಮ ಪಿತ್ತಕೋಶ ತೆಗೆದದ್ದು ಹೌದಾ?”

“ತೆಗೆದು ಬಾಟಲಿಯಲ್ಲಿ ಹಾಕಿ ತೋರಿಸಿದ್ರಮ್ಮಾ!” ಎಂದು ಮುದುಕರು ಅಂಗಿಯ ಅಂಚು ಎತ್ತಿದರು. ಹೊಟ್ಟೆಯ ಮೇಲೆ ನಾಲ್ಕು ಪುಟ್ಟ ಗಾಯದ ಗುರುತುಗಳಿದ್ದವು.

ಮಾಧವಿ ಆ ಸೆಂಟರಿಗೆ ಸೇರಿ ಎರಡು ವಾರವಾಗಿತ್ತಷ್ಟೆ. ಮನೆಮಾತು ಕನ್ನಡ, ಹುಟ್ಟಿ ಬೆಳೆದದ್ದು ಚೆನ್ನೈ. ಗುಣವತಿ ಒಳಗೆ ಹೋದಾಗ ಅವಳು ಕತ್ತಲೆ ಮಾಡಿಕೊಂಡ ಕೋಣೆಯಲ್ಲಿ ಮೂರು ಮಾನಿಟರ್‌ಗಳ ಎದುರು ಕುಳಿತಿದ್ದಳು.

“ಡಾಕ್ಟ್ರೇ, ಒಂದು ಸಂಶಯ. ತೆಗೆದ ಪಿತ್ತಕೋಶ ವಾಪಸ್ ಬೆಳೆಯುವುದುಂಟಾ?”

ಮಾಧವಿ ನಕ್ಕಳು. “ಚಾನ್ಸೇ ಇಲ್ಲ ಅಕ್ಕಾ. ಯಾಕೆ?”

“ಶಂಕರನಾರಾಯಣ ಅಂತ ಹೊರಗೆ ಕೂತಿದ್ದಾರಲ್ಲ, ಅವರಿಗೆ ಬೆಳೆದಿದೆ.”

“ಚೀಟಿ ತಪ್ಪಾಗಿರುತ್ತೆ. ನೀವೇ ನೋಡಿ.” ಮಾಧವಿ ಎಡಗಡೆಯ ಮಾನಿಟರಿನತ್ತ ಬೆರಳು ತೋರಿಸಿದಳು. “ಇದು ಪಿತ್ತಕೋಶ. ಇದು ಕಲ್ಲು. ಕಣ್ಣಿಗೇ ಕಾಣ್ತಿದೆಯಲ್ಲ!”

“ಅವರ ಹೊಟ್ಟೆ ಮೇಲಿನ ಗುರುತನ್ನೂ ನೋಡಿ ಬಂದೆ. ನಾಲ್ಕು ಉಂಟು.”

ಮಾಧವಿಯ ನಗು ನಿಂತಿತು. ಅಷ್ಟರಲ್ಲಿ ಕಂಪ್ಯೂಟರ್ ಟಿಣ್ ಎಂದಿತು. “ಇರುಂಗ ಅಕ್ಕಾ, ಸ್ವಲ್ಪ ಇರಿ, ಒಂದು ಮೆಸೇಜ್,” ಎಂದು ಏನೋ ಕೀ ಒತ್ತಿದಳು. ಮಧ್ಯದ ಮಾನಿಟರಿನಲ್ಲಿದ್ದ ರೋಗಿಗಳ ಪಟ್ಟಿಯೂ ಬಲಗಡೆ ಇದ್ದ ವರದಿಯೂ ಜಾರಿಹೋಗಿ, ಬೇರೆ ಪಟ್ಟಿ, ಬೇರೆ ವರದಿ ಬಂದವು.

“ಅಯ್ಯೋ, ಎಲ್ಲಿಗೆ ಹೋಯಿತು?”

“ಎಲ್ಲೂ ಹೋಗಿಲ್ಲ. ಮಾನಿಟರ್ ಇವೇ ಮೂರು. ಆದ್ರೆ ಡೆಸ್ಕ್‌ಟಾಪ್ ಎರಡು ಮಾಡ್ಕೊಂಡಿದೀನಿ, ಒಂದೇ ಕಂಪ್ಯೂಟರಲ್ಲಿ ಎರಡು ಮೇಜು ಇದ್ದ ಹಾಗೆ. ಕೀ ಒತ್ತಿದ್ರೆ ಒಂದು ಹೋಗಿ ಇನ್ನೊಂದು ಬರುತ್ತೆ. ಒಂದ್ರಲ್ಲಿ ನಮ್ಮ ಸೆಂಟರಿನ ಕೆಲಸ. ಇನ್ನೊಂದ್ರಲ್ಲಿ ಬೇರೆ ಊರಿನ ಆಸ್ಪತ್ರೆದು, ಅವರ ಸ್ಕ್ಯಾನ್ ನೆಟ್‌ನಲ್ಲಿ ಬರುತ್ತೆ. ಒಂದಕ್ಕೊಂದು ಬೆರೀಬಾರ್ದಲ್ಲ, ಅದಕ್ಕೇ.” ಮೆಸೇಜಿಗೆ ಉತ್ತರ ಹಾಕಿ, ಮಾಧವಿ ಮತ್ತೆ ಮೊದಲಿನ ಡೆಸ್ಕ್‌ಟಾಪಿಗೆ ಬಂದಳು.

ಗುಣವತಿ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದಳು. “ಇನ್ನೊಮ್ಮೆ ಮಾಡಿ ಡಾಕ್ಟ್ರೇ.”

ಮಾಧವಿ ಮತ್ತೆ ಕೀ ಒತ್ತಿದಳು. ಮಧ್ಯದ್ದು ಹೋಯಿತು, ಬಲಗಡೆಯದ್ದೂ ಹೋಯಿತು.

“ಎಲ್ಲ ಹೋಗ್ತದೆ. ಎಡಗಡೆಯ ಚಿತ್ರ ಮಾತ್ರ ಎಂಥಕ್ಕೆ ಹೋಗುವುದಿಲ್ಲ?”

ಮಾಧವಿಯ ಕೈ ಕೀಬೋರ್ಡಿನ ಮೇಲೆಯೇ ಉಳಿಯಿತು. ಅವಳು ಎಡಗಡೆಗೆ ಬಾಗಿ, ಚಿತ್ರದ ಮೂಲೆಯಲ್ಲಿದ್ದ ಇರುವೆಯಂಥ ಅಕ್ಷರಗಳನ್ನು ಓದಿದಳು. ‘ವಿಮಲಾ, ನಲವತ್ತಮೂರು ವರ್ಷ.’ ಬೇರೆ ಊರಿನ ಆಸ್ಪತ್ರೆಯಲ್ಲಿದ್ದ ಹೆಂಗಸು. ಬೆಳಿಗ್ಗೆ ಆಕೆಯ ಚಿತ್ರದ ಬಗ್ಗೆ ಈ ಸೆಂಟರಿನ ಹಿರಿಯ ಡಾಕ್ಟರರನ್ನು ಕೇಳಬೇಕಾಗಿ ಬಂದಾಗ, ಆ ಚಿತ್ರದ ವಿಂಡೋ ಎರಡೂ ಡೆಸ್ಕ್‌ಟಾಪುಗಳಲ್ಲಿ ಕಾಣುವಂತೆ ಮಾಡಿದ್ದವಳು ಮಾಧವಿಯೇ. ಕೆಲಸ ಮುಗಿದ ಮೇಲೆ ಅದನ್ನು ಬಿಡಿಸಲು ಮರೆತಿದ್ದಳು. ಶಂಕರನಾರಾಯಣರ ಚಿತ್ರ ತೆರೆದು, ನಡುವೆ ಆ ಆಸ್ಪತ್ರೆಯ ಡೆಸ್ಕ್‌ಟಾಪಿಗೆ ಹೋಗಿ ಬಂದಾಗ, ವಿಮಲಾಳ ಚಿತ್ರವೂ ಹಿಂದೆಯೇ ಬಂದು ಅವರ ಚಿತ್ರದ ಮೇಲೆ ಕುಳಿತಿತ್ತು. ಕಪ್ಪು ಬಿಳುಪಿನ ಹೊಟ್ಟೆಗಳೆಲ್ಲ ನೋಡುವುದಕ್ಕೆ ಒಂದೇ.

ವಿಮಲಾಳ ಚಿತ್ರವನ್ನು ಸರಿಸಿದೊಡನೆ ಅದರ ಅಡಿಯಲ್ಲಿ ಮುದುಕರ ಹೊಟ್ಟೆ ಕಾಣಿಸಿತು. ಪಿತ್ತಕೋಶ ಇರಬೇಕಾದ ಜಾಗ ಖಾಲಿ. ಮಾಧವಿ ಚಿತ್ರಗಳನ್ನು ಒಂದೊಂದಾಗಿ ಕೆಳಗಿಳಿಸುತ್ತಾ ಹೋದಳು. ಬಲಗಡೆಯ ಮೂತ್ರನಾಳದಲ್ಲಿ ತೊಗರಿಬೇಳೆಯಷ್ಟು ಬೆಳ್ಳಗೆ ಏನೋ ಹೊಳೆಯಿತು.

“ಅವರಿಗೆ ನೋವು ಕೊಡ್ತಿರೋದು ಈ ಕಲ್ಲು,” ಎಂದಳು ಮೆಲ್ಲಗೆ. “ನಾನು ಇದನ್ನ ನೋಡೇ ಇಲ್ಲ ಅಕ್ಕಾ.”

ವಿಮಲಾಳ ಚಿತ್ರವನ್ನು ಅವಳ ಆಸ್ಪತ್ರೆಯ ಡೆಸ್ಕ್‌ಟಾಪಿಗೆ ಸೇರಿಸಿಟ್ಟು, ಮಾಧವಿ ವರದಿಯನ್ನು ಮೊದಲಿನಿಂದ ಹೇಳಿದಳು. ಬೆಳಿಗ್ಗೆಯಿಂದ ನೋಡಿದ್ದ ಉಳಿದ ಐದು ಸ್ಕ್ಯಾನ್‌ಗಳನ್ನೂ ತೆರೆದು, ಹೆಸರನ್ನು ಗಟ್ಟಿಯಾಗಿ ಓದಿಯೇ ಚಿತ್ರ ನೋಡಿದಳು. ಗುಣವತಿ ಪಕ್ಕದಲ್ಲಿ ನಿಂತು ಒಂದೊಂದು ಹೆಸರಿಗೂ ತಲೆಯಾಡಿಸಿದಳು. ಐದೂ ಸರಿಯಾಗಿದ್ದವು. ಆಮೇಲೆ ಮಾಧವಿ ತಾನೇ ಹೊರಗೆ ಹೋಗಿ, ತನ್ನ ತಪ್ಪಿನಿಂದ ತಡವಾಯಿತೆಂದು ಶಂಕರನಾರಾಯಣರಿಗೆ ಹೇಳಿ ಬಂದಳು. ಬರುವಾಗ ಗುಣವತಿಯ ಮೇಜಿನ ಬಳಿ ನಿಂತಳು.

“ಇನ್ಮೇಲೆ ಸಂಶಯ ಬಂದ್ರೆ ನೇರವಾಗಿ ಒಳಗೆ ಬಂದ್ಬಿಡಿ ಅಕ್ಕಾ. ಮುಂಚೆ ಯಾವತ್ತಾದ್ರೂ ಹೀಗೆ ಬಂದಿತ್ತಾ?”

“ಒಂದು ಸಲ. ಮೊದಲಿದ್ದ ಡಾಕ್ಟ್ರ ಹತ್ತಿರ ಹೋಗಿ ಕೇಳಿದ್ದೆ. ‘ಹೇಳಿದಷ್ಟು ಟೈಪ್ ಮಾಡಮ್ಮಾ’ ಅಂದ್ರು.”

“ಆಮೇಲೆ?”

ಗುಣವತಿ ತಲೆ ಎತ್ತಲಿಲ್ಲ.

“ಟೈಪ್ ಮಾಡಿದೆ.”