ತವರ

"ತುಟಿ ಕೆಳಗ ಜಗ್ಗು, ಮಗಳ," ಎಂದಳು ಮಾಗ್ದಲೀನಾ. ಸುಗರಾ ನಾಚುತ್ತ ಕೆಳತುಟಿಯನ್ನು ಬೆರಳಿನಿಂದ ಎಳೆದಳು. ಹಲ್ಲಿನ ಬುಡಕ್ಕೆ, ಒಸಡಿನುದ್ದಕ್ಕೂ, ಮಸಿ ಬೆರೆಸಿದ ನೀಲಿಯ ಗೆರೆಯೊಂದು ಹರಿದಿತ್ತು. ಸಾಂಬ್ರಾಣಿ ಊರಿನಿಂದ ಬಂದಿದ್ದ ಆ ಸಿದ್ದಿ ಸೂಲಗಿತ್ತಿ ಅದನ್ನು ಸೆರಗಿನ ತುದಿಯಿಂದ ಒರೆಸಿ ನೋಡಿದಳು. ಹೋಗಲಿಲ್ಲ.

ಸುಗರಾಗೆ ಈಗ ಮೂರು ತಿಂಗಳು. ಹಿಂದಿನ ಎರಡು ಬಸಿರೂ ಐದು ತುಂಬುವ ಮೊದಲೇ ಇಳಿದುಹೋಗಿದ್ದವು. ಇದಾದರೂ ಉಳಿಯಲೆಂದು ಅತ್ತೆ ಗುಲ್ಶನಬಿಯೇ ಹೇಳಿಕಳಿಸಿ ಮಾಗ್ದಲೀನಾಳನ್ನು ಹಳಿಯಾಳಕ್ಕೆ ಕರೆಸಿದ್ದಳು. ಅಂಗಳದ ಆಚೆ ಬದಿಗೆ, ಕುಲುಮೆಯ ಮುಂದೆ, ಸುಗರಾಳ ಗಂಡ, ಕಲಾಯಿಗಾರ ಉಸ್ಮಾನಸಾಬ, ಒಳಗೆ ತವರ ಬಳಿಯಲೆಂದು ಯಾರದೋ ತಾಮ್ರದ ಬೋಗುಣಿಯನ್ನು ಕಾಯಿಸುತ್ತ, ಇತ್ತ ಕಿವಿಯೇ ಇಲ್ಲದವನ ಹಾಗೆ ಕೂತಿದ್ದ.

"ಕುಲುಮಿ ತಿದಿ ಯಾರ ಒತ್ತತಾರ?" ಎಂದು ಕೇಳಿದಳು ಮಾಗ್ದಲೀನಾ.

"ನಾನ," ಎಂದಳು ಸುಗರಾ.

"ಆ ಹೊಗಿ ಕುಡಕೋತ?"

"ಹೊಗಿ ಇಲ್ದ ಕಲಾಯಿ ಆಗ್ತೈತೇನ್ರೀ?"

ಮಾಗ್ದಲೀನಾ ಕಲಾಯಿ ಮುಗಿದು ಬೋರಲು ಬಿದ್ದಿದ್ದ ಚರಿಗೆಯೊಂದನ್ನು ಎತ್ತಿಕೊಂಡು ಒಳಗೆ ಬೆರಳಿನಿಂದ ತಿಕ್ಕಿದಳು. ಬೆರಳು ಕಪ್ಪಾಯಿತು.

"ತವರ ಚೊಲೋ ಇಲ್ಲ. ಎರಡೂ ಕೂಸು ಅದಕ್ಕ ಹೋಗ್ಯಾವ."

ಗುಲ್ಶನಬಿ ತೊಡೆ ತಟ್ಟಿಕೊಂಡಳು. "ನಾ ಬಡಕೊಂಡ ಬಡಕೊಂಡ ಹೇಳೀನಿ! ಮುಂಡಗೋಡದ ಆ ಮನಿತನಾನ ಸರಿ ಇಲ್ಲ. ಹೆಣ್ಣ ನೋಡಾಕ ಹೋದ ದಿನಾನ ನನ್ನ ಬಲಗಣ್ಣು ಹಾರಿತ್ತು."

ಕಿವಿಗೆ ಎರಡೂ ಒಂದೇ. ಪಾತ್ರೆಗೆ ಬಳಿಯುವ ತವರ, ಹೆಣ್ಣು ಬಿಟ್ಟುಬಂದ ತವರು. ಸುಗರಾ ತುಟಿ ಬಿಟ್ಟು ಸೆರಗು ಎಳೆದುಕೊಂಡಳು. ಎರಡು ವರ್ಷದಿಂದ ಕೇಳಿದ ಮಾತು. ಎದುರು ಹೇಳುವುದನ್ನು ಅವಳು ಯಾವಾಗಲೋ ಬಿಟ್ಟಿದ್ದಳು.

ಯಾವ ತವರವೆಂಬುದು ಹೇಳಿದವಳಿಗೆ ಗೊತ್ತಿತ್ತು, ಉಸ್ಮಾನಸಾಬನಿಗೆ ಗೊತ್ತಿತ್ತು. ಮಹಾಯುದ್ಧ ಬಂದು ಮಲಾಯಾದಿಂದ ಬರುತ್ತಿದ್ದ ತವರ ನಿಂತ ಮೇಲೆ ಅವನು ಒಂದು ಪಾಲು ತವರಕ್ಕೆ ಒಂದು ಪಾಲು ಸೀಸ ಕೂಡಿಸುತ್ತಿದ್ದ. ಹೊಳಪಿಗೇನೂ ಕಡಿಮೆ ಇರಲಿಲ್ಲ, ಯಾರೂ ಕೇಳಿರಲಿಲ್ಲ. ಈಗಲೂ ಅವನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕು, ಉಳಿದದ್ದನ್ನು ತಾಯಿಯೇ ನೋಡಿಕೊಳ್ಳುತ್ತಿದ್ದಳು. ಇಕ್ಕಳದಲ್ಲಿದ್ದ ಬೋಗುಣಿ ಆರುತ್ತ ಬಂತು.

"ಉಸ್ಮಾನಸಾಬಾ, ನೀನೂ ಬಾಯಿ ತೆರಿಯಪಾ," ಎಂದಳು ಮಾಗ್ದಲೀನಾ.

ಗುಲ್ಶನಬಿ ನಕ್ಕಳು. "ಅವನೇನ ಬಸರ ಆಗ್ಯಾನೇನ?"

"ಕೂಸಿನಾಗ ಅವನ ಪಾಲಿಲ್ಲೇನ?"

ಅವನು ಇಕ್ಕಳ ಕೆಳಗಿಟ್ಟ. "ಅಮ್ಮಾ, ಇಕಿ ಅಂದದ್ದು ಸುಗರಾನ ತವರಲ್ಲ. ನನ್ನ ತವರ. ಅದರಾಗ ನಾ ಸೀಸ ಕೂಡಸೇನಿ." ಮಾತಾಡಲು ತೆರೆದ ಬಾಯಿಯಲ್ಲಿ, ಅವನ ಒಸಡಿನ ಮೇಲೂ, ಅದೇ ಗೆರೆ ಕಾಣಿಸಿತು.

ಮಾಗ್ದಲೀನಾ ಬೆರಳಿನ ಕಪ್ಪನ್ನು ಮಣ್ಣಿಗೆ ಉಜ್ಜಿದಳು. "ನಾ ಮಿಶನ್ ದವಾಖಾನ್ಯಾಗ ಕಸ ಹೊಡೀತಿದ್ದಾಗ ಬಾಗಲಾ ಕಿಡಕಿಗೆ ಬಣ್ಣಾ ಹಚ್ಚಾವ ಒಬ್ಬಾವ ಬರ್ತಿದ್ದ. ಬಣ್ಣದಾಗಿನ ಸೀಸ ವಿಷ ಅಂತ ಡಾಕ್ಟರ ಅಂದಿದ್ರು. ಅವಗೂ ಇದ ಗೆರಿ. ಹೇಣ್ತಿಗೆ ಬಸರ ನಿಲ್ಲತಿರಲಿಲ್ಲ."

"ನನಗ ನಿಲ್ಲತೈತೇನ್ರೀ?" ಸುಗರಾ ಮೊದಲ ಸಲ ಮುಖವೆತ್ತಿ ಕೇಳಿದಳು.

"ಖಾತ್ರಿ ಹೇಳಾಕ ಬರಂಗಿಲ್ಲವ್ವಾ. ಇವತ್ತಿನಿಂದ ತಿದಿ ಬಿಡು. ಮಣ್ಣಿನ ಗಡಗ್ಯಾಗ ಅಡಗಿ ಮಾಡು. ಆ ಬಣ್ಣದಾವ ಕೆಲಸಾ ಬಿಟ್ಟ ಎರಡು ವರ್ಷಕ್ಕ ಅವರಿಗೆ ಮಗಳ ಹುಟ್ಟಿದಳು. ನಾನ ಎತ್ತಿಕೊಂಡೀನಿ."

ಗುಲ್ಶನಬಿ ಎದ್ದು ಬಂದು ಸೊಸೆಯ ರಟ್ಟೆ ಹಿಡಿದು, ಕುಲುಮೆಯಿಂದ ದೂರ ಬೇವಿನ ನೆರಳಿಗೆ ಕರೆದೊಯ್ದು ಕೂರಿಸಿದಳು. ಮುಂಡಗೋಡದ ಹೆಸರು ಮತ್ತೆ ಅವಳ ಬಾಯಿಗೆ ಬರಲಿಲ್ಲ. ಸುಗರಾ ಅಲ್ಲಿಂದಲೇ ಗಂಡನನ್ನು ನೋಡಿದಳು. ಬೈಯುತ್ತಾಳೆಂದು ಅವನು ಕಾದ.

"ನಮ್ಮವು ಎರಡ ಹೋದವು," ಎಂದಳು. "ಊರಾಗ ಎಷ್ಟೋ?"

ಮರುದಿನ ಮುಂಜಾನೆ ಉಸ್ಮಾನಸಾಬ ಹಳೆಯ ಗಿರಾಕಿ ಈರಕ್ಕನ ಓಣಿಯಲ್ಲಿ ನಿಂತ. ಇಪ್ಪತ್ತು ವರ್ಷ ಕೂಗಿದ "ಕಲಾಯಿ ಹಚ್ಚಸಕೋರೀ" ಬಿಟ್ಟು ಬೇರೆಯದನ್ನೇ ಕೂಗಿದ: "ಕಲಾಯಿ ಕೆರಸಕೋರೀ... ಕಲಾಯಿ ಕೆರಸಕೋರೀ..."

ಈರಕ್ಕ ನೀರು ತುಂಬಿದ ಚರಿಗೆ ಹಿಡಿದು ಬಾಗಿಲಿಗೆ ಬಂದಳು. "ಹಚ್ಚೂದು ಬಿಟ್ಟು ಕೆರಿಯಾಕ ಯಾವಾಗ ನಿಂತಿಯೋ? ತಲಿ ಗಿಲಿ ತಿರಗೇತೇನು?"

ಅವನು ಹೇಳಿದ. ಸೀಸ ಕೂಡಿಸಿದ್ದನ್ನು, ಸುಗರಾಳ ಎರಡು ಬಸಿರನ್ನು, ಚೊಕ್ಕ ತವರ ಸಿಗುವವರೆಗೆ ಮಣ್ಣಿನ ಗಡಿಗೆಯೇ ಲೇಸೆಂಬುದನ್ನು, ಎಲ್ಲ ನೆಲ ನೋಡುತ್ತ ಹೇಳಿದ. ಒಂದೊಂದೇ ಬಾಗಿಲು ತೆರೆದವು. ಈರಕ್ಕನ ಹಿಂದೆ ನಿಂತಿದ್ದ ಸೊಸೆ ಶಿವಗಂಗವ್ವ, ಈಗಷ್ಟೇ ಕಾಣತೊಡಗಿದ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಿಟ್ಟುಕೊಂಡಳು. ಚರಿಗೆ ತನ್ನ ತಲೆಗೇ ಬರುತ್ತದೆ ಎಂದುಕೊಂಡ ಉಸ್ಮಾನಸಾಬ.

ಈರಕ್ಕ ಚರಿಗೆಯ ನೀರನ್ನು ಬೀದಿಗೆ ಚೆಲ್ಲಿದಳು. "ನೀ ಒಳಗ ನಡಿ," ಎಂದು ಸೊಸೆಯನ್ನು ಕಳಿಸಿ, ತಾನೂ ಹೋಗಿ, ಹಂಡೆ, ಬೋಗುಣಿ, ಪರಾತಗಳನ್ನು ತೋಳು ತುಂಬ ತಂದು ಅವನ ಕಾಲ ಬಳಿ ಸುರಿದಳು. ಎದುರು ಮನೆಯವರೂ ತಂದರು. ಪಕ್ಕದವರೂ ತಂದರು. ಅವನ ಸುತ್ತ ಮೊಣಕಾಲುದ್ದ ತಾಮ್ರ ರಾಶಿಬಿತ್ತು.

"ಬೈಯೂದು ಹಿಂದಾಗಡೆ ಬೈತೇನಿ," ಎಂದಳು ಈರಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕಟ್ಟೆಯ ಮೇಲೆ ಕೂರುತ್ತ. "ಮೊದಲ ಕೆರಿ."